ಮಳೆಗಾಲದಲ್ಲಿ ನಾವು ಎಲ್ಲಿ ಆಡಬೇಕು?

ಜೂನ್‌ನಲ್ಲಿ ಕಾಲೇಜೂ ಶುರು, ಮಳೆಯೂ ಶುರು. ನಮ್ಮ ಬಾಸ್ಕೆಟ್‌ಬಾಲ್ ಕೋರ್ಟಿಗೆ ಮಾಡಿಲ್ಲ. ಪಾಚಿ ಹಿಡಿದ ಮೇಲೆ ಪಿ.ಟಿ. ಸರ್ ಯಾರನ್ನೂ ಇಳಿಯಲು ಬಿಡುವುದಿಲ್ಲ. ಕಳೆದ ವರ್ಷ ಮಾತು ಕೇಳದೆ ಇಳಿದು, ಜಾರಿ ಮೊಣಕೈ ತರಚಿಕೊಂಡವಳು ನಾನೇ. ಹಾಗಾಗಿ ಅವರನ್ನು ದೂರುವ ಹಾಗಿಲ್ಲ. ಆದರೆ ತಾಲೂಕು ಮಟ್ಟದ ಪಂದ್ಯ ಹತ್ತಿರ ಬಂದಾಗ ನಮ್ಮ ಅಭ್ಯಾಸವೆಂದರೆ ಕಾರಿಡಾರಿನಲ್ಲಿ ಚೆಂಡು ಪುಟಿಸುವುದು ಅಷ್ಟೇ.

ಬೆಂಗಳೂರಿನವರಿಗೆ ಕಂಠೀರವ ಒಳಾಂಗಣ ಕ್ರೀಡಾಂಗಣವಿದೆ. 2017ರ ಜುಲೈಯಲ್ಲಿ, ಮಳೆಗಾಲದಲ್ಲೇ, ಮಹಿಳೆಯರ ಏಷ್ಯಾ ಕಪ್ ಬೆಂಗಳೂರಿನಲ್ಲಿ ನಡೆಯಿತು. 'ಬಿ' ವಿಭಾಗದ ಫೈನಲ್‌ನಲ್ಲಿ ಭಾರತ ಕಜಕಸ್ತಾನವನ್ನು 75-73ರಿಂದ ಸೋಲಿಸಿತು. ಆಗ ನಾನು ಪ್ರೈಮರಿಯಲ್ಲಿದ್ದೆ, ಬಾಸ್ಕೆಟ್‌ಬಾಲ್ ಎಂಬ ಆಟ ಇದೆಯೆಂದೇ ಗೊತ್ತಿರಲಿಲ್ಲ.

ಮಂಗಳೂರಿನಲ್ಲಿ ಏನೂ ಇಲ್ಲವೆಂದಲ್ಲ. ಉರ್ವದಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಒಳಾಂಗಣ ಕ್ರೀಡಾಂಗಣವಿದೆ. ಅದನ್ನು ಯೋಜಿಸಿದ್ದು ಕಬಡ್ಡಿ ಮತ್ತು ಬ್ಯಾಡ್ಮಿಂಟನ್‌ಗೆ. ಕಬಡ್ಡಿ ನಮ್ಮ ಜಿಲ್ಲೆಯ ಆಟ, ಅದರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಒಂದೇ ನೆಲದಲ್ಲಿ ಬೇರೆ ಆಟಕ್ಕೂ ಜಾಗ ಮಾಡಬಹುದಲ್ಲ? ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಿಕ್ಸ್ ತಂಡ ಬಾಸ್ಕೆಟ್‌ಬಾಲ್ ಆಡುತ್ತದೆ, ರೇಂಜರ್ಸ್ ತಂಡ ಐಸ್ ಹಾಕಿ ಆಡುತ್ತದೆ. ಪ್ರತಿ ಸಲ ಮಂಜುಗಡ್ಡೆ ಕರಗಿಸುವುದಿಲ್ಲ. ಅದರ ಮೇಲೆ ಶಾಖ ತಡೆಯುವ ಹಲಗೆ ಮುಚ್ಚಿ, ಮೇಲೆ ಮರದ ನೆಲವನ್ನು ತುಂಡು ತುಂಡಾಗಿ ಜೋಡಿಸುತ್ತಾರೆ. ಕೆಲವೇ ಗಂಟೆಗಳ ಕೆಲಸ! ನಮಗೆ ಮಂಜುಗಡ್ಡೆಯೂ ಬೇಡ, ಅಲ್ಲಿಯ ಹಾಗೆ ಹತ್ತೊಂಬತ್ತು ಸಾವಿರಕ್ಕೂ ಹೆಚ್ಚು ಸೀಟುಗಳೂ ಬೇಡ. 28 ಮೀಟರ್ ಉದ್ದ, 15 ಮೀಟರ್ ಅಗಲದ ಜಾಗ, ತಳ್ಳಿಕೊಂಡು ಹೋಗುವ ಎರಡು ಕಂಬ ಸಾಕು.

ಕಾಮರ್ಸ್ ವಿದ್ಯಾರ್ಥಿನಿಯಾಗಿ ಒಂದು ಲೆಕ್ಕ ಹೇಳುತ್ತೇನೆ. ಯಾವುದೇ ಹಾಲ್ ಖಾಲಿ ಬಿದ್ದಿದ್ದರೂ ಕಾವಲು, ದುರಸ್ತಿಯ ಖರ್ಚು ತಪ್ಪುವುದಿಲ್ಲ. ಇದನ್ನೇ ನಾವು ಸ್ಥಿರ ವೆಚ್ಚ ಎಂದು ಓದಿದ್ದು. ಇನ್ನೊಂದು ತಂಡ ಆಡಿದರೆ ಆ ಖರ್ಚು ಹೆಚ್ಚಾಗುವುದಿಲ್ಲ, ಬದಲಿಗೆ ಒಂದಿಷ್ಟು ಶುಲ್ಕ ಬರುತ್ತದೆ.

ನಮ್ಮ ಕಾಲೇಜಿನ ಹುಡುಗಿಯರಿಗೆ ಇನ್ನೊಂದು ಕಾರಣವೂ ಇದೆ. ರಸ್ತೆಗೆ ಕಾಣುವ ಕೋರ್ಟಿನಲ್ಲಿ ಆಡುತ್ತೇನೆ ಎಂದರೆ ಮನೆಯಲ್ಲಿ ಅಮ್ಮಿ "ಸಬ್ ಕೆ ಸಾಮ್ನೆ ನಕ್ಕೋ ಬೇಟಾ" ಅನ್ನುತ್ತಾರೆ. ಬ್ಯಾರಿ ಮಾತಾಡುವ ಗೆಳತಿಯರ ಮನೆಯಲ್ಲೂ ಇದೇ ಮಾತು, ಭಾಷೆ ಮಾತ್ರ ಬೇರೆ. ತಲೆವಸ್ತ್ರ ಧರಿಸಿ ಆಡಲು ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ 2017ರ ಅಕ್ಟೋಬರ್ 1ರಿಂದಲೇ ಅವಕಾಶ ಕೊಟ್ಟಿದೆ. ಅದನ್ನು ತೋರಿಸಿದಾಗ ಅಮ್ಮಿ ಕೇಳಿದ್ದು ಒಂದೇ ಪ್ರಶ್ನೆ: "ಆಡುವ ಜಾಗಕ್ಕೆ ಗೋಡೆ ಇದೆಯಾ?"

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ವಾರಕ್ಕೆ ಎರಡು ದಿನ, ಬೆಳಿಗ್ಗೆ 6ರಿಂದ 8 ಗಂಟೆ. ನಗರದ ಎಲ್ಲ ಕಾಲೇಜುಗಳ ಹುಡುಗಿಯರಿಗೆ ಒಳಾಂಗಣದಲ್ಲಿ ಇಷ್ಟು ಸಮಯ ಬೇಕೆಂದು ಮಹಾನಗರ ಪಾಲಿಕೆಗೆ ಮನವಿ ಬರೆಯುತ್ತಿದ್ದೇವೆ. ಸಹಿ ಹಾಕುವವರು ಮಧ್ಯಾಹ್ನದ ಬಿಡುವಿನಲ್ಲಿ ದ್ವಿತೀಯ ಕಾಮರ್ಸ್ ತರಗತಿಗೆ ಬನ್ನಿ. ಹುಡುಗರೂ ಬರಬಹುದು. ಪಿ.ಟಿ. ಸರ್ ಆಗಲೇ ಸಹಿ ಹಾಕಿದ್ದಾರೆ.