ಅದರ ಹಗಲು, ನಮ್ಮ ಇರುಳು

ಕಳೆದ ತಿಂಗಳು ಬೆಂಗಳೂರಿನ ಮಗಳ ಮನೆಗೆ ಹೋದಾಗ ಹತ್ತು ವರ್ಷದ ಮೊಮ್ಮಗ ಚಿಂತೆಯಲ್ಲಿದ್ದ. ಹುಟ್ಟುಹಬ್ಬಕ್ಕೆ ಕೊಡಿಸಿದ ಹ್ಯಾಮ್‌ಸ್ಟರ್ ಹಗಲಿಡೀ ಮಲಗಿರುತ್ತದೆ, ಎಬ್ಬಿಸಿದರೆ ಕಚ್ಚುತ್ತದೆ. 'ಅಜ್ಜ, ಅದಕ್ಕೆ ಹುಷಾರಿಲ್ವಾ?' ಎಂಬುದು ಅವನ ಪ್ರಶ್ನೆ. ಅಳಿಯನ ದೂರು ಬೇರೆ. ದೀಪ ಆರಿಸಿದೊಡನೆ ಪಂಜರದ ಚಕ್ರ ತಿರುಗುವ ಸದ್ದು ಆರಂಭವಾಗುತ್ತದೆ, ನಿದ್ರೆಗೆ ಆಸ್ಪದವಿಲ್ಲ. ಪ್ರಾಣಿಯನ್ನು ಅಂಗಡಿಗೇ ಹಿಂದಿರುಗಿಸುವ ಮಾತು ನಡೆದಿತ್ತು.

ಆಗ ನನಗೆ ನೆನಪಾದದ್ದು ನನ್ನ ಊರು ಅಕ್ಕಿಆಲೂರಿನ ಗದ್ದೆಗಳು. ಅಲ್ಲಿನ ರೈತರು ಇಲಿ, ಹೆಗ್ಗಣಗಳ ಬಿಲದ ಬಾಯಿಗೆ ಸಂಜೆ ಮಣ್ಣು ಮುಚ್ಚುತ್ತಿದ್ದರು. ಬೆಳಿಗ್ಗೆ ಯಾವುದು ತೆರೆದಿದೆಯೋ ಅದರಲ್ಲಿ ಇಲಿ ಇದೆಯೆಂದು ಅರ್ಥ. ಪೈರನ್ನು ಕಡಿಯುವ ಶತ್ರುವಿನ ದಿನಚರಿ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದೇ ದಂಶಕ ವರ್ಗದ ಪ್ರಾಣಿಯನ್ನು ಪ್ರೀತಿಯಿಂದ ಮನೆಗೆ ತರುವ ನಮಗೆ ಅದು ಗೊತ್ತಿಲ್ಲದಿರುವುದು ವಿಪರ್ಯಾಸವೇ ಸರಿ.

ಹ್ಯಾಮ್‌ಸ್ಟರ್ ನಮ್ಮ ನೆಲದ ಪ್ರಾಣಿಯಲ್ಲ. ಇಂದು ಮನೆಗಳಲ್ಲಿ ಸಾಕುವ ಹೊಂಬಣ್ಣದ ತಳಿಯ ಬಹುಪಾಲು, 1930ರಲ್ಲಿ ಸಿರಿಯಾದ ಅಲೆಪ್ಪೊ ಬಳಿ ಪ್ರಾಣಿಶಾಸ್ತ್ರಜ್ಞ ಇಸ್ರೇಲ್ ಅಹರೋನಿ ಹಿಡಿಸಿದ ತಾಯಿ ಮತ್ತು ಮರಿಗಳ ಸಂತತಿ. ಪಂಜರದಲ್ಲಿ ಅದು ಕತ್ತಲಾದ ಮೇಲೆ ಓಡುತ್ತದೆ, ಕೆರೆಯುತ್ತದೆ, ಕೆನ್ನೆಯ ಚೀಲದಲ್ಲಿ ಕಾಳು ತುಂಬಿ ಮೂಲೆಯಲ್ಲಿ ಕೂಡಿಡುತ್ತದೆ.

ಈ ಅಭ್ಯಾಸವನ್ನು ಬಿಡಿಸಬಹುದೆಂದು ಹಲವರು ಭಾವಿಸುತ್ತಾರೆ. ಅದು ಸಾಧ್ಯವಿಲ್ಲ. 1988ರಲ್ಲಿ ಮಾರ್ಟಿನ್ ರಾಲ್ಫ್ ಮತ್ತು ಮೈಕೆಲ್ ಮೆನೇಕರ್, ಸುಮಾರು 20 ಗಂಟೆಗೇ ಒಂದು 'ದಿನ' ಮುಗಿಸುವ ಹ್ಯಾಮ್‌ಸ್ಟರ್‌ಗಳನ್ನು ವರದಿ ಮಾಡಿದರು. 1990ರಲ್ಲಿ ಅವರ ತಂಡ ಮಿದುಳಿನ ಒಂದು ಪುಟ್ಟ ಭಾಗವನ್ನು ಕಸಿ ಮಾಡಿದಾಗ, ಪಡೆದ ಪ್ರಾಣಿ ಕೊಟ್ಟ ಪ್ರಾಣಿಯ ವೇಳೆಯನ್ನೇ ಅನುಸರಿಸತೊಡಗಿತು. ಗಡಿಯಾರ ಮಿದುಳಿನಲ್ಲೇ ಇದೆ. ಗದರಿಕೆಯಿಂದಾಗಲಿ ಮುದ್ದಿನಿಂದಾಗಲಿ ಅದು ಬದಲಾಗದು.

ಹಾಗಾದರೆ ಬದಲಾಗಬೇಕಾದವರು ನಾವು. ಮಲಗುವ ಕೋಣೆಯಲ್ಲಿದ್ದ ಪಂಜರವನ್ನು ನಡುಮನೆಯ ಮೂಲೆಗೆ ಸಾಗಿಸಿದೆವು. ಕಂಬಿಗಳ ಕಿರುಚಕ್ರದ ಬದಲು ಪಾದ ಸಿಕ್ಕಿಕೊಳ್ಳದ, ಬೆನ್ನು ಬಾಗದಷ್ಟು ದೊಡ್ಡ ಚಕ್ರ ಬಂತು. ಆಹಾರ ಈಗ ಸಂಜೆ ಬೀಳುತ್ತದೆ. ಹಗಲಿನಲ್ಲಿ ಎಬ್ಬಿಸುವುದು ನಿಂತ ಮೇಲೆ ಕಚ್ಚುವುದೂ ನಿಂತಿದೆ.

ಇದನ್ನು ಮಾರುವಾಗಲೇ ಹೇಳಿದ್ದರೆ ಸಾಕಿತ್ತು. ಸಾಕುಪ್ರಾಣಿ ಅಂಗಡಿಗಳ ನೋಂದಣಿಗೆ 2018ರಲ್ಲಿ ಕೇಂದ್ರ ಸರ್ಕಾರ ನಿಯಮಗಳನ್ನು ರೂಪಿಸಿದೆ. ಚಲನವಲನಕ್ಕೆ ಸಾಲದ ಪಂಜರದಲ್ಲಿ ಪ್ರಾಣಿಯನ್ನಿಡುವುದು 1960ರ ಕಾಯ್ದೆಯ ಪ್ರಕಾರ ಹಿಂಸೆಯೇ. ಆದರೆ ಮನೆಯೊಳಗೆ ಯಾವ ತನಿಖಾಧಿಕಾರಿಯೂ ಬರುವುದಿಲ್ಲವೆಂಬುದು ಸರ್ಕಾರಿ ಸೇವೆಯಲ್ಲಿದ್ದ ನನಗೆ ಗೊತ್ತು. ಆದ್ದರಿಂದ ಪ್ರತಿ ಪಂಜರದೊಂದಿಗೆ ಕನ್ನಡದಲ್ಲೊಂದು ಪುಟದ ತಿಳಿವಳಿಕೆ ಪತ್ರ ನೀಡುವುದನ್ನು ಅಂಗಡಿಗಳು ರೂಢಿಸಿಕೊಳ್ಳಲಿ. ಹಗಲಲ್ಲಿ ಆಡುವ ಸಂಗಾತಿ ಬೇಕೆನ್ನುವ ಮಗುವಿಗೆ ಹ್ಯಾಮ್‌ಸ್ಟರ್ ತಕ್ಕುದಲ್ಲವೆಂದು ಅದರ ಮೊದಲ ಸಾಲಿನಲ್ಲೇ ಬರೆದಿರಲಿ.

ಮೊಮ್ಮಗ ಈಗ ಮಲಗುವ ಮುನ್ನ ಅರ್ಧ ಗಂಟೆ ಪಂಜರದ ಮುಂದೆ ಸುಮ್ಮನೆ ಕುಳಿತು ನೋಡುತ್ತಾನೆ. ಅಂಗಡಿಗೆ ಹಿಂದಿರುಗಿಸುವ ಮಾತು ಮನೆಯಲ್ಲಿ ಮತ್ತೆ ಕೇಳಿಬಂದಿಲ್ಲ.