ಕತ್ತಲೆಗೂ ಸಾಲ ಮಾಡಬೇಕೇನ್ರಿ?

ಮಾದನಹಿಪ್ಪರಗಾದ ರೈತ ಬಂಧುಗಳೇ, ಕರೆಂಟು ಹೋಯಿತೆಂದು ಬಡ್ಡಿಗೆ ದುಡ್ಡು ತಂದು ಇನ್ವರ್ಟರ್ ಕೊಳ್ಳುವ ಮೊದಲು ಲೆಕ್ಕ ಹಾಕಿರಿ. ಬ್ಯಾಟರಿಯ 12 ವೋಲ್ಟ್ ಡಿಸಿಯನ್ನು ಮನೆಯ 230 ವೋಲ್ಟ್ ಎಸಿ ಮಾಡುವ ಪೆಟ್ಟಿಗೆ ಅದು, ಅಷ್ಟೇ. ಬಲ್ಲ ಮೆಕ್ಯಾನಿಕ್ ಜೊತೆಗಿದ್ದರೆ ಟ್ರಾನ್ಸ್‌ಫಾರ್ಮರ್, ಟ್ರಾನ್ಸಿಸ್ಟರ್, ಫ್ಯೂಜು ತಂದು ಊರಲ್ಲೇ ಕಟ್ಟಬಹುದು. 150 ಎಎಚ್ ಬ್ಯಾಟರಿಯಲ್ಲಿ ಅರ್ಧವನ್ನೇ ಬಳಸಿದರೂ ಒಂದು ಫ್ಯಾನು, ಎರಡು ಎಲ್‌ಇಡಿ ಬಲ್ಬು ಆರೇಳು ತಾಸು ನಡೆದಾವು. ಆದರೆ ಕಂಬದ ಲೈನಿಗೆ ಅದರ ಕರೆಂಟು ಹರಿಯಗೊಡಬೇಡಿ. ರಿಪೇರಿಗೆ ಹತ್ತಿದ ಲೈನ್‌ಮನ್ ಸತ್ತಾನು. ಅವನೂ ನಮ್ಮವನೇ.

ಇನ್ನೊಂದು ಮಾತು. ಬ್ಯಾಟರಿ ಕರೆಂಟು ಹುಟ್ಟಿಸುವುದಿಲ್ಲ. ಬಂದದ್ದನ್ನು ಕೂಡಿಟ್ಟು ಅದರಲ್ಲೂ ಒಂದಿಷ್ಟು ನುಂಗುತ್ತದೆ. 5 ಎಚ್‌ಪಿ ಪಂಪು 3,700 ವ್ಯಾಟ್ ಕೇಳುತ್ತದೆ. ಈ ಪೆಟ್ಟಿಗೆ ಕಬ್ಬಿಗೆ ನೀರೆತ್ತದು. ಮನೆಯ ದೀಪ ನಾವೇ ಹಚ್ಚಿಕೊಂಡೇವು. ಹೊಲಕ್ಕೆ ಕರೆಂಟು ಕೊಡುವುದು 2002ರಿಂದ ಜೆಸ್ಕಾಂ ಕೆಲಸ. ಆ ಹೊಣೆಯನ್ನು ನಮ್ಮ ಸಾಲದ ಪುಸ್ತಕಕ್ಕೆ ಬರೆಯಗೊಡಬೇಡಿ. ಕೂಡಿ ಕೇಳೋಣ, ಬರ್ರಿ!