‘ಬೆಳ್ಳಿ ಮೋಡ’ ಓದಿ ಅತ್ತವಳು ನಾನೇ!

ಸೋದರಿಯರೇ, ಮಧ್ಯಾಹ್ನ ಪಾತ್ರೆ ತೊಳೆದು, ಒಲೆಕಟ್ಟೆ ಒರೆಸಿದ ಮೇಲೆ ಸಂಜೆ ಕಾಫಿಗೆ ಹಾಲಿಡುವವರೆಗೆ ಒಂದು ಗಂಟೆ ಸಿಗುತ್ತದಲ್ಲ, ಅದೊಂದೇ ನಮ್ಮದು. ನಾನಂತೂ ಆಗ ಕಾದಂಬರಿ ಹಿಡಿದು ಗೋಡೆಗೆ ಒರಗಿಬಿಡ್ತೀನಿ. “ಅದೇ ಪ್ರೇಮ, ಅದೇ ಅಳು. ಎಷ್ಟು ಸಲ ಓದ್ತೀಯೇ?” ಅಂತ ನಮ್ಮ ಯಜಮಾನರು ನಗ್ತಾರೆ. ನಗಲಿ ಬಿಡಿ!

ಈ ಸಲ ಕೈಗೆ ಬಂದದ್ದು ತ್ರಿವೇಣಿಯವರ ‘ಬೆಳ್ಳಿ ಮೋಡ’. ಅಮ್ಮನ ಪ್ರತಿ, ಹಳೇ ಕ್ಯಾಲೆಂಡರಿನ ಹಾಳೆಯ ಹೊದಿಕೆ ಇನ್ನೂ ಹಾಗೇ ಇದೆ. ತ್ರಿವೇಣಿ, ಅಂದರೆ ಅನಸೂಯಾ ಶಂಕರ್, 1928ರಲ್ಲಿ ಮಂಡ್ಯದಲ್ಲಿ ಹುಟ್ಟಿದವರು, ಮನಃಶಾಸ್ತ್ರ ಓದಿದವರು. 1963ರಲ್ಲಿ ತೀರಿಕೊಂಡಾಗ ಅವರಿಗಿನ್ನೂ 35 ತುಂಬಿರಲಿಲ್ಲ. ಈ ಕಥೆಯನ್ನು 1967ರಲ್ಲಿ ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದರು. ಇಂದಿರೆಯಾಗಿ ಕಲ್ಪನಾ ಬಂದದ್ದು ನಿಮಗೆ ನೆನಪಿರಬಹುದು.

ಕಥೆ ಇಷ್ಟೇ. ಇಂದಿರಾ ಎಸ್ಟೇಟ್ ಮನೆಯ ಒಬ್ಬಳೇ ಮಗಳು. ಅವಳನ್ನು ಮದುವೆಯಾಗಬೇಕಾದ ಹುಡುಗ ಅವಳ ತಂದೆಯ ದುಡ್ಡಿನಲ್ಲೇ ಓದಲು ಅಮೆರಿಕಕ್ಕೆ ಹೋಗ್ತಾನೆ. ಈ ಕಡೆ ಇಂದಿರೆಗೆ ತಮ್ಮ ಹುಟ್ಟುತ್ತಾನೆ. ಆಸ್ತಿಗೆ ವಾರಸುದಾರ ಬಂದ ಅಂತ ತಿಳಿದದ್ದೇ ತಡ, ಹುಡುಗನ ಮನಸ್ಸು ತಿರುಗುತ್ತದೆ! ಮುಂದೆ ಅವನು ಪೆಟ್ಟಾಗಿ ಮಲಗಿದಾಗ ಉಪಚಾರ ಮಾಡುವವಳು ಅವಳೇ. ಆಮೇಲೆ ಅವನು ನಿಜವಾಗಿ ಒಲಿದು ಬರುತ್ತಾನೆ. ಇಂದಿರಾ ಒಲ್ಲೆ ಅಂತಾಳೆ.

ಇಂಥ ಕಥೆ ನಮ್ಮಂಥ ಸಣ್ಣ ಊರಿನವರಿಗೆ ಯಾಕಿಷ್ಟು ಹಿಡಿಸುತ್ತೆ? ಅದರಲ್ಲಿ ರಾಜಕುಮಾರನಿಲ್ಲ, ಖಳನಾಯಕನೂ ಇಲ್ಲ. ಲೆಕ್ಕ ಹಾಕುವ ಒಬ್ಬ ಸಾಮಾನ್ಯ ಹುಡುಗ ಇದ್ದಾನೆ. ಅಂಥವರನ್ನು ನಾವು ನಮ್ಮ ಬೀದಿಯಲ್ಲೇ ನೋಡಿದ್ದೀವಿ. ಬಾಯಿಬಿಟ್ಟು “ಒಲ್ಲೆ” ಅನ್ನಲಾರದ ನಾವು, ನಮ್ಮ ಬದಲು ಅವಳು ಅಂದಾಗ ಸೆರಗಿನಿಂದ ಕಣ್ಣೊರೆಸಿಕೊಳ್ತೀವಿ.

ಆದರೆ ಈ ಸಲ ಓದುವಾಗ ನನಗೆ ಬೇರೆಯೇ ಅಳು ಬಂತು. ಕಾರಣ ಹೇಳಿಬಿಡ್ತೀನಿ. ಹೋದ ವರ್ಷ ನನ್ನ ತಂಗಿ ಮಗಳಿಗೆ ಗಂಡು ಗೊತ್ತಾಗಿತ್ತು. ಅಷ್ಟರಲ್ಲಿ ಅವಳ ಅಪ್ಪನ ಆಸ್ಪತ್ರೆ ಖರ್ಚಿಗೆ ತೆಂಗಿನ ತೋಟ ಮಾರಬೇಕಾಯಿತು. ಗಂಡಿನ ಕಡೆಯವರು “ಈ ವರ್ಷ ಬೇಡ” ಅಂತ ಸುಮ್ಮನಾದರು. ಆರು ತಿಂಗಳ ಮೇಲೆ ಹುಡುಗಿಗೆ ಒಳ್ಳೆಯ ಕೆಲಸ ಸಿಕ್ಕಿತು ನೋಡಿ, ಹಣ್ಣು ಹೂವು ಹಿಡಿದು ಮತ್ತೆ ಬಂದರು!

ಆಗ ನಾನೇನು ಹೇಳಿದೆ ಗೊತ್ತೆ? “ಹೋಗಲಿ ಬಿಡೇ, ಹೊಂದಿಕೊಂಡು ಹೋಗು. ವಯಸ್ಸು ನಿಲ್ಲುತ್ತಾ?” ಅಂದೆ. ಅವಳು ನನ್ನನ್ನೇ ನೋಡಿದಳು. “ದೊಡ್ಡಮ್ಮಾ, ಇಂದಿರೆ ಕಥೆ ನನಗೆ ಹೇಳಿದ್ದು ನೀನೇ ಅಲ್ವಾ? ಅವಳು ಒಪ್ಪಿಕೊಳ್ಳಲಿಲ್ಲ ಅಂತ ಎಷ್ಟು ಹೆಮ್ಮೆಯಿಂದ ಹೇಳಿದ್ದೆ!” ಅಂದಳು. ನನ್ನ ಬಾಯಿ ಕಟ್ಟಿಹೋಯಿತು.

ಅವಳು ಒಲ್ಲೆ ಅಂದಳು. ಇನ್ನೂ ಬೇರೆ ಗಂಡು ಕೂಡಿಬಂದಿಲ್ಲ. ತಂಗಿಗೆ ರಾತ್ರಿ ನಿದ್ದೆಯಿಲ್ಲ. ಕಾದಂಬರಿಯ ಕೊನೇ ಪುಟದ ನಂತರ ಏನಾಗುತ್ತೆ ಅಂತ ಯಾರೂ ಬರೆಯೋದಿಲ್ಲವಲ್ಲ, ಆ ಕಷ್ಟ ನಮ್ಮದೇ.

ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂತ 2005ರಲ್ಲೇ ಹಿಂದೂ ಉತ್ತರಾಧಿಕಾರ ಕಾನೂನು ತಿದ್ದಿದರು. ಕಾನೂನು ಬದಲಾಯಿತು, ಹುಡುಗಿಯನ್ನು ಬಿಟ್ಟು ಅವಳ ಬೆನ್ನಿಗೆ ಬರುವುದನ್ನು ಎಣಿಸುವ ಬುದ್ಧಿ ಬದಲಾಗಿದೆಯೆ? ಎಣಿಸುವವರ ಪರವಾಗಿ ಮಾತಾಡೋರು ನಮ್ಮಂಥ ದೊಡ್ಡಮ್ಮ, ಚಿಕ್ಕಮ್ಮಂದಿರೇ ಆದರೆ?

ಮೊನ್ನೆ ಆ ಪುಸ್ತಕವನ್ನು ಅವಳಿಗೇ ಕೊಟ್ಟುಬಿಟ್ಟೆ. “ಆವತ್ತು ನಾನು ಹೇಳಿದ್ದು ತಪ್ಪು ಕಣೇ” ಅಂತ ಬಾಯಿಬಿಟ್ಟೂ ಹೇಳಿದೆ. ನಿಮ್ಮ ಮನೇಲೂ ಒಬ್ಬ ಇಂದಿರಾ ಇದ್ದಾಳೆಯೆ? ಹಾಗಿದ್ದರೆ ಪುಸ್ತಕ ಓದಿ ಅಳೋದರ ಜೊತೆಗೆ ಅವಳ ಪಕ್ಕದಲ್ಲೂ ನಿಂತುಕೊಳ್ಳೋಣ. ಏನಂತೀರಿ?